ಕಾಲುವೆಯ ಚುನಾವಣೆ

ಅವರ ಪಾದಗಳು ಸದಾ ಊದಿಕೊಂಡಿರುತ್ತಿದ್ದವು. ಅದಕ್ಕೇ ಗಂಡಸರ ಬೂಟು ಹಾಕಿ, ಲೇಸು ಕಟ್ಟದೆ, ಲೈಡನ್ನಿನ ಇಟ್ಟಿಗೆ ಬೀದಿಯಲ್ಲಿ ಜರಜರ ಎಳೆಯುತ್ತ ನಡೆಯುತ್ತಿದ್ದರು. ಮೇಲೆ ಮಾತ್ರ ಇಸ್ತ್ರಿ ಮುರಿಯದ ಬಿಳಿ ಕಾಲರು. ನಮ್ಮ ಕೆಳಮನೆಯ ಈ ಟೀಚರು ದಕ್ಷಿಣ ಅಮೆರಿಕದ ಒಂದು ದೇಶದಿಂದ 2015ರ ಚಳಿಗಾಲದಲ್ಲಿ ಬಂದವರು, ಒಂಟಿ ಜೀವ. ಕೆಲಸಕ್ಕೆಂದು ಧಾರವಾಡದಿಂದ ಈ ಡಚ್ ಊರಿಗೆ ಬಂದಿದ್ದ ನನಗೋ ಆಗ ಲ್ಯಾಬು ಮತ್ತು ಸೈಕಲ್ಲು ಬಿಟ್ಟರೆ ಬೇರೆ ಲೋಕವೇ ಇರಲಿಲ್ಲ.

ಅವರು ಆಡುತ್ತಿದ್ದದ್ದು ಮುರುಕು ಇಂಗ್ಲಿಷು. ನೆನಪಿನಲ್ಲಿ ಮಾತ್ರ ಅದೆಲ್ಲ ನಮ್ಮ ಧಾರವಾಡದ ಕನ್ನಡವಾಗಿಯೇ ಕೇಳಿಸುತ್ತದೆ, ಏನು ಮಾಡಲಿ! ಭಾನುವಾರ ಮಧ್ಯಾಹ್ನ ಅವರ ಕಿಟಕಿಯ ಬಳಿ ಕೂತರೆ ಕಾಲುವೆ ನೀರಿನ ಬೆಳಕು ಸೂರಿನ ಮೇಲೆ ತೇಲಾಡುತ್ತಿತ್ತು. ಅವರು ಕಣ್ಣು ಅರೆಮುಚ್ಚಿ ಹೇಳುವರು, ನಾನು ಜೊಂಪಿನಲ್ಲೇ ಕೇಳುವೆ. ಅವರ ಶಾಲೆ, ಅಂಗಳದ ಮಾವಿನ ಮರ, ಚುನಾವಣೆಯ ದಿನ ಬೆಂಚುಗಳನ್ನು ಗೋಡೆಗೆ ಸರಿಸಿ ಮತಗಟ್ಟೆ ಮಾಡುತ್ತಿದ್ದದ್ದು. ನಮ್ಮವ್ವನೂ ಸಾಲಿ ಟೀಚರು, ಬುತ್ತಿ ಕಟ್ಟಿಕೊಂಡು ಇಲೆಕ್ಷನ್ ಡ್ಯೂಟಿಗೆ ಹೋದವಳೇ. ಆ ಸಾಲಿ ಯಾವುದು, ಈ ಸಾಲಿ ಯಾವುದು ಎಂದು ಅರೆನಿದ್ದೆಯಲ್ಲಿ ನನಗೆ ತಿಳಿಯುತ್ತಿರಲಿಲ್ಲ.

ಅಂಥದೇ ಒಂದು ಮಧ್ಯಾಹ್ನ ಹೇಳಿದರು: "ಆ ವರ್ಷ ನಾನಽ ಎಣಿಸಿ, ನಾನಽ ಸಹಿ ಮಾಡಿ ಕಳಿಸಿದ್ದೆ. ಕಚೇರಿ ಗೋಡೆಗೆ ಹಚ್ಚಿದ ಪಟ್ಟ್ಯಾಗ ನಮ್ಮ ಬೂತಿನ ಲೆಕ್ಕ ಬ್ಯಾರೇನಽ ಇತ್ತು. ಇದು ನಂದಲ್ಲ ಅಂದೆ. ಅಷ್ಟಽ ಅಂದದ್ದು."

ಮರುವಾರವೇ ಶಾಲೆಗೆ ಬರಬೇಡ ಎಂದರಂತೆ. ಮುಂದಿನ ಚುನಾವಣೆಯ ಹೊತ್ತಿಗೆ ಮತದಾರರ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲ. ಆ ದೇಶದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರ ತಂಗಿ ಇನ್ನೂ ಅಲ್ಲೇ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು.

"ಸಾಯೂದ್ರಾಗ ಒಂದ್ಸಲ ಓಟು ಹಾಕಬೇಕವಾ. ಹಾಕಿದ್ದನ್ನ ಹಾಕಿದಂಗ ಎಣಿಸೋ ಕಡೆ" ಎನ್ನುತ್ತಿದ್ದರು. 2018ರಲ್ಲಿ ಇಲ್ಲಿಯ ನಗರಸಭೆಯ ಚುನಾವಣೆ ಬಂತು. ನಮ್ಮಂಥ ಪರದೇಶಿಯರು ಅದರಲ್ಲಿ ಓಟು ಹಾಕಲು ಐದು ವರ್ಷ ಇಲ್ಲಿರಬೇಕು. ಅವರಿಗೆ ಎರಡೂವರೆಯೂ ತುಂಬಿರಲಿಲ್ಲ. ಅವರ ಹೃದಯ ಅರ್ಧ ಮಾತ್ರ ಕೆಲಸ ಮಾಡುತ್ತಿದೆ ಎಂದು ಡಾಕ್ಟರು ಆಗಲೇ ಹೇಳಿದ್ದರು. ಇನ್ನೊಂದು ಚುನಾವಣೆ ತನಕ ಇರುತ್ತಾರೋ ಇಲ್ಲವೋ ಎಂದು ನನಗೇ ಭಯ.

ಮರುವರ್ಷ ಮಾರ್ಚಿನಲ್ಲಿ ಇಬ್ಬರಿಗೂ ಒಂದೊಂದು ಲಕೋಟೆ ಬಂತು. ಈ ದೇಶದಲ್ಲಿ ಕಾಲುವೆ, ಒಡ್ಡು, ತೂಬುಗಳನ್ನು ನೋಡಿಕೊಳ್ಳಲು ಬೇರೆಯದೇ ಒಂದು ಜಲಮಂಡಳಿ, ಅದಕ್ಕೂ ಚುನಾವಣೆ. ವಾಸದ ಪರವಾನಗಿ ಇದ್ದರೆ ಸಾಕು, ಪರದೇಶಿಯರೂ ಓಟು ಹಾಕಬಹುದು. ನಾನು ನನ್ನ ಲಕೋಟೆಯನ್ನು ಜಾಹೀರಾತು ಅಂದುಕೊಂಡು ರದ್ದಿ ಡಬ್ಬಕ್ಕೆ ಎಸೆದಿದ್ದೆ. ಇವರು ಲಕೋಟೆಯೊಳಗಿದ್ದ ತಮ್ಮ ಓಟಿನ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸಿದಾಗ ನಗು ತಡೆಯಲಾಗಲಿಲ್ಲ. "ಅಯ್ಯ, ಗಟಾರಕ್ಕೂ ಓಟು!" ಎಂದೆ.

"ನಿಂದೆಲ್ಲಿ?"

"ರದ್ದಿಗೆ ಹಾಕಿದೆ. ಇವತ್ತು ಬೆಳಿಗ್ಗೆನೇ ಗಾಡಿ ಒಯ್ತು."

"ಎದ್ದು ನಿಂತು ಮಾತಾಡು."

ಮೂವತ್ನಾಲ್ಕರ ಹೆಂಗಸು, ಡಾಕ್ಟರೇಟು ಬೇರೆ, ಸಟಕ್ಕನೆ ಎದ್ದು ನಿಂತೆ. "ಇಂಥಾ ಚೀಟಿಗಂತ ನಾ ಎಲ್ಲಾ ಬಿಟ್ಟು ಬಂದೆ. ನೀ ರದ್ದಿಗೆ ಹಾಕೀದಿ" ಎಂದು ಮುಖ ತಿರುಗಿಸಿದರು. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ಮರುದಿನ ಅರ್ಧ ರಜೆ ಹಾಕಿ, ನಗರಸಭೆಯ ಕಚೇರಿಯಲ್ಲಿ ಸರದಿ ನಿಂತು ಬೇರೆ ಚೀಟಿ ತಂದು ತೋರಿಸಿದ ಮೇಲೇ ನನಗೆ ಕಾಫಿ ಸಿಕ್ಕಿದ್ದು.

ಓಟಿನ ದಿನ ಅವರು ತಿಳಿನೀಲಿ ರೇಷ್ಮೆ ಅಂಗಿ ಹಾಕಿದ್ದರು. ಸೇತುವೆಯಾಚೆಯ ಶಾಲೆಗೆ ಐದು ನಿಮಿಷದ ದಾರಿ; ಮೂರು ಕಡೆ ಕೂತು, ಅರ್ಧ ಗಂಟೆಯಲ್ಲಿ ಮುಟ್ಟಿದೆವು. ನೀರ ಮೇಲೆ ಬಿಸಿಲು ಮಂಜಿನಂತೆ ಹಬ್ಬಿತ್ತು. ಒಳಗೆ ಹಾಸಿಗೆ ಚಾದರದಷ್ಟು ಅಗಲದ ಮತಪತ್ರ, ಗುರುತು ಹಾಕಲು ಕೆಂಪು ಪೆನ್ಸಿಲ್ಲು. ಅದರಲ್ಲಿ ಒಂದು ಹೆಸರೂ ನನಗೆ ಗೊತ್ತಿಲ್ಲ. "ಯಾರಿಗೆ ಹಾಕಲಿ?" ಎಂದು ಪಿಸುಗುಟ್ಟಿದೆ.

"ನನ್ನ ಕೇಳಬ್ಯಾಡ. ಯಾರೂ ಹೇಳಿಕೊಡದ ಜಾಗಾ ಇದು. ಆ ಸುಖಾ ಕಳಕೋಬ್ಯಾಡ."

ಅವರು ಮರೆಯೊಳಗೆ ಬಹಳ ಹೊತ್ತು ಇದ್ದರು. ಹೊರಬಂದು, ಮಡಿಸಿದ ಕಾಗದವನ್ನು ಪೆಟ್ಟಿಗೆಗೆ ಇಳಿಸಿ, ಮುಚ್ಚಳದ ಮೇಲೆ ಕೈಯಿಟ್ಟು ನಿಂತೇಬಿಟ್ಟರು. ಹಿಂದೆ ಸಾಲು ಬೆಳೆಯಿತು. ಮೇಜಿನ ಹಿಂದಿದ್ದ ಅಧಿಕಾರಿ ಕಾದ.

ಕೆಲ ದಿನಗಳ ಮೇಲೆ ಮತಗಟ್ಟೆವಾರು ಲೆಕ್ಕ ನಗರಸಭೆಯ ಜಾಲತಾಣದಲ್ಲಿ ಬಂತು. ನಮ್ಮ ಶಾಲೆಯ ಹಾಳೆ ತೆರೆದು ಅವರ ಮುಂದಿಟ್ಟೆ. ಬೆರಳನ್ನು ಮೆಲ್ಲಗೆ ಇಳಿಸುತ್ತ ಒಂದು ಸಾಲಿನ ಬಳಿ ನಿಲ್ಲಿಸಿ, "ಇದರಾಗ ಒಂದು ನಂದು" ಎಂದರು. ಅಲ್ಲೇ ಕುರ್ಚಿಯಲ್ಲಿ ನಿದ್ದೆಹೋದರು.

ಏಪ್ರಿಲ್ ಮುಗಿಯುವ ಮೊದಲೇ ಹೋಗಿಬಿಟ್ಟರು, ನಿದ್ದೆಯಲ್ಲೇ. ತಂಗಿಗೆ ಫೋನು ಮಾಡಿ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಅಕ್ಕನಿಗೆ ನೋವಾಯಿತೇ ಎಂದು ಕೇಳುತ್ತಾಳೆ ಅಂದುಕೊಂಡು ಉತ್ತರ ಹುಡುಕುತ್ತಿದ್ದೆ.

"ಓಟು ಹಾಕಿದಳೇನು?"

"ಹಾಕಿದರು."

"ಎಣಿಸಿದರೇನು?"

"ಎಣಿಸಿದರು. ನಾನೇ ನೋಡಿದೆ."

ಆಗ ಅವಳು ಅತ್ತಳು.