ಅನ್ನನಾಳವೂ ಅಕ್ಕನ ಬಂಗುಡೆ ಮುಳ್ಳೂ

ನಲವತ್ತು ವರ್ಷ ನಾನು ನನ್ನ ಅನ್ನನಾಳವನ್ನು ದಿನಕ್ಕೆ ಮೂರು ಹೊತ್ತು ಉಪಯೋಗಿಸಿಕೊಂಡೆ. ಅದಕ್ಕೆ ಅಂಥದೊಂದು ಹೆಸರಿದೆ ಎಂದು ತಿಳಿಯದೆಯೇ. ಒಂದು ದಿನವೂ ಅದು ನನ್ನನ್ನು ತಡೆದು, ಮೊದಲು ನನ್ನ ಹೆಸರು ಹೇಳು, ಆಮೇಲೆ ನುಂಗು ಎಂದು ಕೇಳಲಿಲ್ಲ. ಹಾಗೆ ಕೇಳುವವರು ಶಾಲೆಯ ಮಾಸ್ತರರು ಮಾತ್ರ. ಅವರ ಕೈಯಿಂದ ನಾನು ಕಾರ್ಕಳದಲ್ಲಿ ಆರನೆಯ ತರಗತಿಗೇ ತಪ್ಪಿಸಿಕೊಂಡಿದ್ದೆ.

ಆಮೇಲೆ ಕಲಿತದ್ದು ಪೈಪಿನ ಕೆಲಸ. ಮಣಿಪಾಲದ ಮೆಡಿಕಲ್ ಹಾಸ್ಟೆಲುಗಳಲ್ಲಿ ಹುಡುಗರು ಬೆಳಿಗ್ಗೆ ನಲ್ಲಿ ತಿರುಗಿಸಿದರೆ ನೀರು ಬರುವುದು, ಕೊಳಕು ನೀರು ಬಂದ ದಾರಿ ಹಿಡಿಯದೆ ಬೇರೆ ದಾರಿಯಲ್ಲಿ ಹೋಗುವುದು, ಇದೆಲ್ಲ ನನ್ನಂಥವರ ಕೈಗುಣ. ನಾನು ಬಿಗಿ ಮಾಡಿದ ಜಾಯಿಂಟು ಸೋರಿತು ಎಂದು ಹೇಳಿದವರು ಯಾರೂ ಇಲ್ಲ. ಇದ್ದರೂ ನನ್ನೆದುರು ಹೇಳಿಲ್ಲ. ದಪ್ಪ ಪುಸ್ತಕ ಎದೆಗೆ ಅಪ್ಪಿಕೊಂಡು ಓಡಾಡುವ ಆ ಮಕ್ಕಳು ನನ್ನನ್ನು 'ಪೈಪಿನವ' ಎಂದು ಕರೆಯುತ್ತಿದ್ದರು. ಅವರಲ್ಲಿ ಒಬ್ಬನಿಗೂ ಬಚ್ಚಲಿನ ಬಾಯಿಗೆ ಸಿಕ್ಕಿದ ತಲೆಗೂದಲನ್ನು ಎರಡು ಬೆರಳಲ್ಲಿ ತೆಗೆಯುವ ಬುದ್ಧಿ ಇರಲಿಲ್ಲ. ಮನುಷ್ಯರ ಒಳಗಿನ ಕೊಳವೆಗಳನ್ನು ರಿಪೇರಿ ಮಾಡಲು ಹೊರಟವರು ಇವರು ಎಂದು ನಾನು ಬಾಗಿ ಕೂತಲ್ಲೇ ನಗುತ್ತಿದ್ದೆ.

ಅನ್ನನಾಳ ಎಂಬ ಪದವನ್ನು ನಾನು ಮೊದಲು ಕೇಳಿದ್ದು ಅಲೆವೂರಿನ ನಮ್ಮ ಮನೆಯ ಜಗಲಿಯಲ್ಲಿ. ಮಗಳು ವಿಜ್ಞಾನದ ಪುಸ್ತಕ ಹಿಡಿದು, ಬಾಯಿ, ಗಂಟಲು, ಅನ್ನನಾಳ, ಜಠರ ಎಂದು ಬಸ್ ನಿಲ್ದಾಣಗಳ ಹೆಸರು ಕೂಗುವ ಕಂಡಕ್ಟರನ ಧಾಟಿಯಲ್ಲಿ ಬಾಯಿಪಾಠ ಮಾಡುತ್ತಿದ್ದಳು. ನಾಳ ಎಂದರೆ ಕೊಳವೆ; ಕೂಡಲೇ ನನ್ನ ಕಿವಿ ನೆಟ್ಟಗಾಯಿತು.

"ಎಷ್ಟು ಇಂಚಿನದ್ದು ಮಗಾ?"

"ಉದ್ದ ಕೊಟ್ಟಿದ್ದಾರೆ ಅಪ್ಪ. ದಪ್ಪ ಕೊಟ್ಟಿಲ್ಲ. ಅದು ಪರೀಕ್ಷೆಗೆ ಬರುವುದಿಲ್ಲ."

ಪೈಪಿನ ಒಳಗಳತೆ ಹೇಳದೆ ಬರೀ ಉದ್ದ ಹೇಳುವವನನ್ನು ನಾನು ಹಾರ್ಡ್‌ವೇರ್ ಅಂಗಡಿಯ ಮೆಟ್ಟಿಲು ಹತ್ತಲೂ ಬಿಡುತ್ತಿರಲಿಲ್ಲ. ಇಲ್ಲಿ ಅವನು ಪುಸ್ತಕ ಬರೆದಿದ್ದಾನೆ!

ಹೆಸರನ್ನಾದರೂ ನೋಡಿ. ಅನ್ನದ ನಾಳವಂತೆ. ಇಟ್ಟವರು ಹೊಟ್ಟೆ ತುಂಬ ಉಂಡು, ಎಲೆಯಡಿಕೆ ಹಾಕಿಕೊಂಡು ಕೂತವರೇ ಇರಬೇಕು. ನಮ್ಮ ಕಡೆ ಆ ದಾರಿಯಲ್ಲಿ ಅನ್ನಕ್ಕಿಂತ ಗಂಜಿಯ ಓಡಾಟವೇ ಹೆಚ್ಚು. ಕಾಪುವಿನ ಕಡಲಿನ ಬದಿಯವರು ಹೆಸರಿಟ್ಟಿದ್ದರೆ ಅದು ಮೀನುನಾಳ ಆಗುತ್ತಿತ್ತು. ನನಗೆ ಗೊತ್ತಿರುವ ಕೆಲವರದ್ದು ಸಂಜೆ ಆರರ ಮೇಲೆ ಶುದ್ಧ ಕಳ್ಳುನಾಳ. ಪಕ್ಕದಲ್ಲೇ ಉಸಿರಿಗೊಂದು ಬೇರೆ ಕೊಳವೆಯಂತೆ, ಎರಡಕ್ಕೂ ಮೇಲೆ ಒಂದೇ ಬಾಯಿಯಂತೆ, ನಡುವೆ ಒಂದು ಸಣ್ಣ ಮುಚ್ಚಳವಂತೆ. ಗಾಳಿಯ ಲೈನಿಗೂ ಊಟದ ಲೈನಿಗೂ ಒಂದೇ ಬಾಯಿ ಇಟ್ಟು ಎಲ್ಲ ಭಾರವನ್ನೂ ಒಂದು ಮುಚ್ಚಳದ ಮೇಲೆ ಹಾಕುವ ಫಿಟ್ಟಿಂಗ್ ನಾನು ಮಾಡಿದ್ದರೆ ಹಾಸ್ಟೆಲಿನ ವಾರ್ಡನ್ನರು ಅವತ್ತೇ ನನ್ನನ್ನು ಓಡಿಸುತ್ತಿದ್ದರು. ದೇವರಿಗೆ ವಾರ್ಡನ್ ಇಲ್ಲ, ಬಚಾವಾದ.

ಈ ಪದ ಬಳಸುವವರು ಯಾರೆಂದು ನಾನು ಕೆಲವು ಕಾಲ ಗಮನಿಸಿದೆ. ಜನರಿಗೆ ಬೇಕಾದದ್ದು ಗಂಟಲು. ಮನೆಯ ತುಳುವಿನಲ್ಲಾದರೆ ದೊಂಡೆ. ದುಃಖ ಬಂದರೆ ಗಂಟಲು ಕಟ್ಟುತ್ತದೆ, ಮಾತು ಗಂಟಲಲ್ಲಿ ನಿಲ್ಲುತ್ತದೆ, ಕೂಗಿದರೆ ಗಂಟಲು ಹರಿಯುತ್ತದೆ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಅನ್ನನಾಳ ಕಟ್ಟಿತು ಎಂದು ಅತ್ತ ತಾಯಿಯನ್ನು ನೀವು ಕಂಡಿದ್ದೀರಾ? ಆ ಪದ ಇರುವುದು ಪರೀಕ್ಷೆ ಬರೆಯುವವರಿಗೆ, ಕೆಟ್ಟ ಸುದ್ದಿ ಹೇಳುವ ಡಾಕ್ಟರರಿಗೆ, ಮತ್ತೆ ಕಡಿಯಾಳಿಯಲ್ಲಿ ನನಗೆ ಪರಿಚಯವಿದ್ದ ಒಬ್ಬ ನಿವೃತ್ತ ಗುಮಾಸ್ತರಿಗೆ. ಅವರಿಗೆ ಎದೆಯುರಿ. ಆಸ್ಪತ್ರೆಯಲ್ಲಿ ದೀಪ ಕಟ್ಟಿದ ಕೊಳವೆ ಒಳಗೆ ಇಳಿಸಿ ನೋಡಿದ್ದರು. ಆಮೇಲೆ ಅವರು 'ನಮ್ಮ ಅನ್ನನಾಳ' ಎನ್ನುತ್ತಿದ್ದ ಠೀವಿ ಹೊಸ ಅಂಬಾಸಿಡರ್ ಕಾರು ತಂದವರಿಗೂ ಬರಲಿಕ್ಕಿಲ್ಲ. ಅವರ ಮನೆಯ ನಲ್ಲಿ ಸರಿ ಮಾಡಲು ಹೋದರೆ, ನಲ್ಲಿಗಿಂತ ಮೊದಲು ಅನ್ನನಾಳದ ವರದಿ ಕೇಳಬೇಕಾಗುತ್ತಿತ್ತು.

ಇಷ್ಟೆಲ್ಲ ಹೀಯಾಳಿಸಿದವನನ್ನು ಆ ಪದ ಸುಮ್ಮನೆ ಬಿಡಲಿಲ್ಲ.

ನನ್ನ ಅಕ್ಕ ಕಮಲಕ್ಕನನ್ನು ಕೊಟ್ಟದ್ದು ಕಾಪುವಿಗೆ. ಶೀನ ಭಾವನದು ಸೈಕಲ್ ರಿಪೇರಿಯ ಅಂಗಡಿ. ಎಂಬತ್ತೆರಡನೆಯ ಇಸವಿಯೋ ಎಂಬತ್ತಮೂರೋ ಇರಬೇಕು, ಒಂದು ಭಾನುವಾರ ಅವರಲ್ಲಿಗೆ ಊಟಕ್ಕೆ ಹೋಗಿದ್ದೆ. ಬಂಗುಡೆ ಮೀನಿನ ಪುಳಿಮುಂಚಿ, ಹುಳಿಖಾರದ ಸಾರು. ನಮಗೆಲ್ಲ ಬಡಿಸಿ ಕೊನೆಯಲ್ಲಿ ಕೂತ ಅಕ್ಕ, ಪಕ್ಕದ ಮನೆಯವರ ಸುದ್ದಿ ಹೇಳುತ್ತಾ ಉಣ್ಣುತ್ತಿದ್ದವಳು, ಸುದ್ದಿಯ ಒಳ್ಳೇ ಜಾಗಕ್ಕೆ ಬಂದು ಗಪ್ಪನೆ ಮಾತು ನಿಲ್ಲಿಸಿದಳು. ಎಡಗೈ ಕುತ್ತಿಗೆಗೆ ಹೋಯಿತು. ಮುಳ್ಳು.

ಮೀನು ತಿನ್ನುವ ಮನೆಗಳಲ್ಲಿ ಇದಕ್ಕೆ ಯಾರೂ ಗಾಬರಿಯಾಗುವುದಿಲ್ಲ. ಕುಚ್ಚಲಕ್ಕಿ ಅನ್ನವನ್ನು ನಿಂಬೆಹಣ್ಣಿನಷ್ಟು ಉಂಡೆ ಕಟ್ಟಿ, ಅಗಿಯದೆ ನುಂಗಬೇಕು. ಮುಳ್ಳು ಉಂಡೆಗೆ ಸಿಕ್ಕಿ ಕೆಳಗೆ ಹೋಗುತ್ತದೆ. ಉಂಡೆ ಕಟ್ಟುವುದರಲ್ಲಿ ನಮ್ಮ ಕುಟುಂಬದಲ್ಲಿ ನನಗೆ ಹೆಸರಿತ್ತು. ಯಾರು ಕೊಟ್ಟ ಹೆಸರು ಎಂದು ಕೇಳಬೇಡಿ, ನಾನೇ.

"ಅಗಿಯಬೇಡ, ಹಾಗೇ ನುಂಗು," ಎಂದೆ.

ನುಂಗಿದಳು. ಕಣ್ಣಲ್ಲಿ ನೀರು ಬಂತು.

"ಹೋಯಿತಾ?"

"ಇಲ್ಲ ಮಾರಾಯ. ಈಗ ಇನ್ನೂ ಕೆಳಗೆ ಚುಚ್ಚುತ್ತದೆ."

"ಕೆಳಗೆ ಹೋಗಿದೆ ಅಂದರೆ ಹೊರಟಿದೆ ಅಂತ ಅರ್ಥ. ಇನ್ನೊಂದು ನುಂಗು."

ಅವತ್ತು ಏಳು ಉಂಡೆ, ಎರಡು ಬಾಳೆಹಣ್ಣು. ಸೋಮವಾರ ಕೆಲಸ ಮುಗಿಸಿ ಪುನಃ ಹೋದರೆ, ಅವಳು ಉಗುಳನ್ನೂ ನುಂಗಲಾರದೆ ಪಕ್ಕದಲ್ಲಿ ಚೊಂಬು ಇಟ್ಟುಕೊಂಡು ಕೂತಿದ್ದಳು. ನಾನು ಇನ್ನೂ ಮೂರು ಉಂಡೆ ಕಟ್ಟಿದೆ. ಒಂದು ಹೇಗೋ ಇಳಿಯಿತು, ಎರಡು ಹೊರಗೆ ಬಂದವು.

"ಸಂಜೀವ, ಮಣಿಪಾಲಕ್ಕೆ ಕರಕೊಂಡು ಹೋಗುವಾ?" ಎಂದರು ಭಾವ.

"ನಿಮಗೆ ಎಂತ ಗೊತ್ತುಂಟು ಭಾವ? ಒಂದು ಬಂಗುಡೆ ಮುಳ್ಳಿಗೆ ದೊಡ್ಡಾಸ್ಪತ್ರೆಯಾ? ಅಲ್ಲಿಯ ಮಕ್ಕಳು ಪುಸ್ತಕ ಬಿಚ್ಚಿ ಮುಳ್ಳಿಗೆ ಹೆಸರು ಹುಡುಕುವುದರೊಳಗೆ ನಾನು ಇಳಿಸಿ ಆಗಿರುತ್ತದೆ."

ಭಾವ ಚೊಂಬನ್ನು ತೊಳೆದು ತಂದಿಟ್ಟರು. ಇಪ್ಪತ್ತು ವರ್ಷದಿಂದ ಅವರು ನನ್ನೆದುರು ಸುಮ್ಮನಾಗುತ್ತಲೇ ಬಂದವರು. ಅದನ್ನು ನಾನು ಅವರ ದಡ್ಡತನ ಎಂದುಕೊಂಡಿದ್ದೆ. ನಿಜ ಹೇಳುತ್ತೇನೆ: ನನ್ನನ್ನು ತಡೆದದ್ದು ಉಂಡೆಯ ಮೇಲಿನ ನಂಬಿಕೆ ಮಾತ್ರವಲ್ಲ. ಯಾರ ಬಚ್ಚಲಿನ ಕೂದಲನ್ನು ತೆಗೆದು ಅವರಿಗೇ ಬೈದಿದ್ದೆನೋ, ಅವರ ಎದುರು ಕೈ ಕಟ್ಟಿ ನಿಲ್ಲಲು ನನಗೆ ಮನಸ್ಸಿರಲಿಲ್ಲ.

ಮಂಗಳವಾರ ಕೆಲಸಕ್ಕೆ ಹೋಗದೆ ಬೆಳಿಗ್ಗೆಯೇ ಕಾಪುವಿಗೆ ಹೋದೆ. ಅಕ್ಕನಿಗೆ ಜ್ವರ ಬಂದಿತ್ತು. ಗೋಡೆಗೆ ಒರಗಿ ಕೂತಿದ್ದಳು. ನಾನು ಅಡುಗೆಮನೆಯಿಂದ ಅನ್ನ ತಂದು ಉಂಡೆ ಕಟ್ಟತೊಡಗಿದೆ.

"ಸಂಜೀವ, ಹಾಸ್ಟೆಲಿನ ಪೈಪು ಕಟ್ಟಿದರೆ ನೀನು ಮೇಲಿನಿಂದ ಅನ್ನ ತುರುಕುತ್ತೀಯಾ?" ಎಂದು ಕೇಳಿದಳು.

"ನಿನಗೆ ಮರುಳಾ? ಮೇಲಿನಿಂದ ಒತ್ತಿದರೆ ಸಿಕ್ಕಿದ್ದು ಮತ್ತೂ ಗಟ್ಟಿ ಕೂರುತ್ತದೆ. ಆ ಮಕ್ಕಳು ಕೋಲು ಹಾಕಿ ಒತ್ತುತ್ತಾರೆ ಅಂತಲೇ ನಾನು ಬೈಯುವುದು. ಜಾಯಿಂಟು ಬಿಚ್ಚಿ ಈಚೆಯಿಂದ..."

ಕಟ್ಟುತ್ತಿದ್ದ ಉಂಡೆ ಕೈಯಲ್ಲೇ ಉಳಿಯಿತು.

"ಹಾಂ," ಎಂದಳು ಅಕ್ಕ. "ಆ ಉಂಡೆ ಕಾಗೆಗೆ ಹಾಕು. ಬಸ್ಸಿಗೆ ಹೊತ್ತಾಯಿತು."

ಮೂವರೂ ಮಣಿಪಾಲಕ್ಕೆ ಹೋದೆವು. ಆಸ್ಪತ್ರೆಯಲ್ಲಿ ಅಕ್ಕನನ್ನು ನೋಡಿದ್ದು ಒಬ್ಬರು ಸಣ್ಣ ಪ್ರಾಯದ ಲೇಡಿ ಡಾಕ್ಟರು. ಎಲ್ಲ ಕೇಳಿಕೊಂಡು, "ಅನ್ನದ ಉಂಡೆ ಕೊಟ್ಟವರು ಯಾರು?" ಎಂದರು. ಅಕ್ಕ ಗೋಡೆ ನೋಡಿದಳು. ಭಾವ ತಮ್ಮ ಚಪ್ಪಲಿ ನೋಡಿದರು.

"ನಾನು," ಎಂದೆ.

"ಎಷ್ಟು ಕೊಟ್ರಿ?"

"ಏಳು," ಎಂದೆ. "ಮತ್ತೆ ಸೋಮವಾರ ಮೂರು."

ಅವರು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು, ತಿರುಗಿ ಬೈಯಬಹುದಿತ್ತು. ಬೈಯಲಿಲ್ಲ. "ಮುಳ್ಳು ಅನ್ನನಾಳದಲ್ಲಿ ಅಡ್ಡ ಕೂತಿರಬೇಕು. ಮೇಲಿನಿಂದ ಒತ್ತಿದ್ದರಿಂದ ಗೋಡೆಗೆ ಚುಚ್ಚಿಕೊಂಡಿದೆ. ತೂತಾಗಿದ್ದರೆ ಮಾತ್ರ ಕಷ್ಟ. ತೆಗೆಯುವಾಗ ಗೊತ್ತಾಗುತ್ತದೆ," ಎಂದರು.

ತೂತು ಎಂಬುದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಗೋಡೆಯೊಳಗಿನ ಪೈಪು ತೂತಾದರೆ ಮೊದಲು ಹೊರಗೆ ಏನೂ ಕಾಣುವುದಿಲ್ಲ. ಆಮೇಲೆ ಸುಣ್ಣ ಉಬ್ಬುತ್ತದೆ. ಆಮೇಲೆ ಗೋಡೆಯನ್ನೇ ಒಡೆಯಬೇಕು. ಇಲ್ಲಿ ಗೋಡೆ ಎಂದರೆ ನನ್ನ ಅಕ್ಕನ ಎದೆ. ಒಪ್ಪಿಗೆಯ ಕಾಗದಕ್ಕೆ ಭಾವ ಒಂದೇ ಸಲಕ್ಕೆ ರುಜು ಹಾಕಿದರು. ನಾನು ಪಕ್ಕದಲ್ಲಿ ಪೆನ್ನಿನ ಮುಚ್ಚಳ ಹಿಡಿದುಕೊಂಡು ನಿಂತಿದ್ದೆ.

ಅವಳನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಭಾವ ಕ್ಯಾಂಟೀನಿನಿಂದ ಎರಡು ಇಡ್ಲಿ ತಂದು ನನ್ನ ಕೈಗಿತ್ತರು. ಒಂದು ತುಂಡು ಬಾಯಿಗೆ ಹಾಕಿದೆ. ಮುಳ್ಳಿಲ್ಲ, ಎಲುಬಿಲ್ಲ, ಮೆತ್ತಗಿನ ಇಡ್ಲಿ. ಇಳಿಯಲಿಲ್ಲ. ಎಷ್ಟು ಅಗಿದರೂ ಬಾಯಲ್ಲೇ ಸುತ್ತು ಹೊಡೆಯಿತು. ಎದುರಿನ ಗೋಡೆಯಲ್ಲಿ ಬಣ್ಣದ ಚಿತ್ರವೊಂದು ತೂಗುತ್ತಿತ್ತು: ಚರ್ಮ ಸುಲಿದ ಮನುಷ್ಯ, ಒಂದೊಂದು ಕೊಳವೆಗೂ ಗೆರೆ ಎಳೆದು ಹೆಸರು. ಅಷ್ಟೊಂದು ಹೆಸರು ಬರೆದವರು, ಏನೂ ಸಿಕ್ಕಿಕೊಳ್ಳದೆಯೂ ಕಟ್ಟಿಹೋಗುವ ಈ ಜಾಗಕ್ಕೆ ಒಂದು ಹೆಸರು ಬರೆಯಲಿಲ್ಲ ನೋಡಿ ಎಂದು ಅಲ್ಲಿಯೂ ಒಂದು ಕೊಂಕು ತೆಗೆದೆ. ಅಭ್ಯಾಸ ಬಲ.

ಮಧ್ಯಾಹ್ನದ ಹೊತ್ತಿಗೆ ಆ ಡಾಕ್ಟರು ಒಂದು ತುಂಡು ಬಿಳಿ ಬಟ್ಟೆಯ ಮೇಲೆ ಮುಳ್ಳನ್ನು ತಂದು ತೋರಿಸಿದರು. ಒಂದು ಇಂಚೂ ಇರಲಿಲ್ಲ. ತೂತಾಗಿಲ್ಲ, ಗಾಯವಾಗಿದೆ, ಎರಡು ದಿನ ಬಾಯಿಗೆ ಏನೂ ಕೊಡಬಾರದು ಎಂದರು. ಇಕ್ಕಳ ಹಾಕಿ, ಮುಳ್ಳು ಹೋದ ದಾರಿಯಲ್ಲೇ ಮೇಲಕ್ಕೆ ತೆಗೆದಿದ್ದರು. ಆ ಸಣ್ಣ ಕೈಗಳ ಕೆಲಸವನ್ನು ನಾನು ಹೊಗಳಬೇಕಿತ್ತು. "ಹಾಂ, ಹಾಗೇ ತೆಗೆಯಬೇಕು," ಎಂದೆ. ನಾನೇ ಕಲಿಸಿಕೊಟ್ಟವನ ಹಾಗೆ. ಅವರು ನಕ್ಕರು.

ಗುರುವಾರ ಗಂಜಿತಿಳಿ ಕೊಡಬಹುದು ಎಂದಾಗ ಭಾವ ಕಾಪುವಿನಿಂದ ತಾವೇ ಬೇಯಿಸಿ ಫ್ಲಾಸ್ಕಿನಲ್ಲಿ ತಂದರು. ನಾನು ಲೋಟಕ್ಕೆ ಬಗ್ಗಿಸಿ ಅಕ್ಕನ ಕೈಗೆ ಕೊಟ್ಟೆ. ತಪ್ಪಾಯಿತು ಎಂದು ಹೇಳಲು ಎರಡು ದಿನದಿಂದ ತಯಾರಾಗಿದ್ದೆ. ಅವಳು ಲೋಟವನ್ನು ಬಾಯಿಗಿಡದೆ ನನ್ನನ್ನೇ ನೋಡಿದಳು.

"ನೀನು ಮಂಗಳವಾರದಿಂದ ಸರಿಯಾಗಿ ಉಂಡಿಲ್ಲವಂತೆ. ಇವರು ಹೇಳಿದರು."

"ಹಸಿವಿಲ್ಲ ಅಕ್ಕ."

"ಹಸಿವು ಉಂಟಾ ಅಂತ ನಾನು ಕೇಳಿದೆನಾ? ಹಿಡಿ. ಮೊದಲು ನೀನು ಕುಡಿ. ಇಳಿಯುತ್ತದಾ ನೋಡುವ."

"ಅಕ್ಕ, ನಾನು..."

"ಮಾತಾಡಬೇಡ. ನುಂಗು."

ನುಂಗಿದೆ. ಭಾವ ಉಪ್ಪು ಹಾಕಲು ಮರೆತಿದ್ದರು. ತಳ ಹಿಡಿದ ವಾಸನೆ ಬೇರೆ. ಸೈಕಲ್ ಟ್ಯೂಬಿನ ತೂತು ಹುಡುಕುವ ಬಾಣಲೆಯ ನೀರೇ ಇದಕ್ಕಿಂತ ವಾಸಿ ಎಂದು ಹೇಳಲು ಬಾಯಿ ತೆರೆದೆ. ಭಾವ ಫ್ಲಾಸ್ಕಿನ ಮುಚ್ಚಳ ಹಿಡಿದುಕೊಂಡು ಮಂಚದ ಬದಿಯಲ್ಲಿ ನಿಂತಿದ್ದರು. ಅಕ್ಕ ನನ್ನ ಕುತ್ತಿಗೆಯನ್ನೇ ನೋಡುತ್ತಿದ್ದಳು.

ಇನ್ನೊಂದು ಗುಟುಕು ಕುಡಿದೆ. ಅದೂ ಇಳಿಯಿತು.

"ಲಾಯ್ಕುಂಟು ಭಾವ," ಎಂದೆ.

"ಹಾಗಾದರೆ ಇತ್ತ ಕೊಡು," ಎಂದು ಅಕ್ಕ ಲೋಟಕ್ಕೆ ಕೈ ಚಾಚಿದಳು.