ಮುದಗಲ್ ಬಾವಿಯ ಹಾವಸೆ

ಸಸ್ಯಶಾಸ್ತ್ರ ಕಲಿಸುವ ಪಂಪಾವತಿಯವರಿಗೆ ನಮ್ಮ ಸಿಂಧನೂರಿನ ಕಾಲೇಜಿನಲ್ಲಿ ‘ಪಾಚಿ ಮೇಡಂ’ ಎಂದು ಹೆಸರಿಟ್ಟವನು ನಾನೇ. ನಾನು ಕನ್ನಡ ಮೇಷ್ಟ್ರು, ಹೆಸರಿಡುವುದು ನನ್ನ ಹಕ್ಕು ಎಂದುಕೊಂಡಿದ್ದೆ. ಅವರು ಸಿಟ್ಟಾಗುತ್ತಿರಲಿಲ್ಲ, ತಿದ್ದುತ್ತಿದ್ದರು.

“ಸರ್, ಪಾಚಿ ಬ್ಯಾರೆ, ಹಾವಸಿ ಬ್ಯಾರೆ. ಪಾಚಿ ಅಂದ್ರ ನೀರಾಗಿನ ಲೋಳಿ. ಹಾವಸಿಗೆ ದಂಟು ಐತಿ, ಎಲಿ ಐತಿ.”

ನಾನು ಹೌದೆಂದು ತಲೆಯಾಡಿಸಿ ಮರುದಿನ ಮತ್ತೆ ಪಾಚಿ ಮೇಡಂ ಎನ್ನುತ್ತಿದ್ದೆ.

ತುರ್ವಿಹಾಳದ ಗದ್ದೆಯವರ ಮಗಳು ಅವರು. ಕಾಲುವೆಯ ಗೋಡೆ ಕೆರೆದು ನೋಡುವ ಹುಚ್ಚು ಚಿಕ್ಕಂದಿನಿಂದ ಬಂದದ್ದು. ಸಸ್ಯಶಾಸ್ತ್ರ ಓದಿ, ಹಾವಸೆಯ ಮೇಲೆಯೇ ಡಾಕ್ಟರೇಟ್ ಮಾಡಿ, ಇಪ್ಪತ್ತು ವರ್ಷ ಈ ಬಿಸಿಲಿನ ಸೀಮೆಯಲ್ಲೇ ಅದನ್ನು ಹುಡುಕಿದರು. ಒಮ್ಮೆ ನನ್ನನ್ನು ಮಸ್ಕಿಯ ಗುಡ್ಡಕ್ಕೆ ಕರೆದೊಯ್ದು, ಬಂಡೆಯ ಮೇಲೆ ಒಣಗಿದ ಹಾವಸೆಯ ಕರಿ ಹೊಪ್ಪಳೆಗೆ ಬಾಟಲಿಯ ನೀರು ಸುರಿದರು. ನೋಡುನೋಡುತ್ತಲೇ ಅದು ಹಸಿರಾಯಿತು. “ಸತ್ತಿಲ್ಲ ಸರ್, ಮಳಿಗೆ ಕಾಯಾಕತ್ತೈತಿ” ಎಂದರು. ನನಗೆ ಆಶ್ಚರ್ಯವಾಯಿತು, ಆದರೆ ತೋರಿಸಿಕೊಳ್ಳಲಿಲ್ಲ.

ಅವರಿಗೆ ಕೈಕೊಟ್ಟಿದ್ದು ಒಂದೇ ಗಿಡ. ಮುದಗಲ್‌ನ ಹಳೆಯ ಮೆಟ್ಟಿಲು ಬಾವಿಯೊಂದರ ನೆರಳಿನ ಕಲ್ಲಿನ ಮೇಲೆ ಒಂದು ಹಾವಸೆ ಇತ್ತು. ಅದರ ಜಾತಿ ಗೊತ್ತಾಗಬೇಕಾದರೆ ಕಾಯಿ ಬೇಕು. ಕೂದಲಿನಂಥ ದಂಟಿನ ತುದಿಗೆ ಸಾಸಿವೆಗಿಂತ ಚಿಕ್ಕ ಕಾಯಿ. ಅದು ಮಾಗಿ ಮುಚ್ಚಳ ಬಿದ್ದ ಮೇಲೆ ಬಾಯಿಯ ಸುತ್ತಲಿನ ಹಲ್ಲು ನೋಡಿ ಹೆಸರು ಹೇಳುತ್ತಾರಂತೆ. ಒಂಬತ್ತು ಮಳೆಗಾಲ ಹೋಗಿ ನೋಡಿದರೂ ಕಾಯಿ ಬಿಟ್ಟಿರಲಿಲ್ಲ. ಹೋದ ವರ್ಷ ಬಿಟ್ಟಿತು, ಆದರೆ ಇನ್ನೂ ಎಳೆಯದು. ಹದಿನೈದು ದಿನ ಬಿಟ್ಟು ಬರುವಂತೆ, ಹಾವಸೆಯ ಜಾತಿ ಗುರುತಿಸುವ ಹೊರಗಿನ ಒಬ್ಬ ಪ್ರೊಫೆಸರರಿಗೆ ಫೋನ್ ಮಾಡಿದರು. ನಂತರ ನನ್ನ ಬಳಿ ಬಂದರು.

“ಬಾವಿ ಓಣಿಯವರಿಗೆ ಒಂದು ಚೀಟಿ ಬರದು ಕೊಡ್ರಿ ಸರ್. ಹಾವಸಿ ಮುಟ್ಟಬ್ಯಾಡ್ರಿ, ನೋಡಾಕ ದೊಡ್ಡವರು ಬರ್ತಾರ, ಅಷ್ಟ ಬರೀರಿ ಸಾಕು.”

ಅಷ್ಟೇ ಬರೆದರೆ ನಾನು ಕನ್ನಡ ಮೇಷ್ಟ್ರು ಹೇಗಾದೇನು? “ಸದರಿ ಬಾವಿಯಲ್ಲಿನ ಪಾಚಿಯನ್ನು ಪರಿಶೀಲಿಸಲು ಉನ್ನತಾಧಿಕಾರಿಗಳು ಆಗಮಿಸುತ್ತಿದ್ದು, ನಿವಾಸಿಗಳು ಸೂಕ್ತ ರೀತಿಯಲ್ಲಿ ಸಹಕರಿಸತಕ್ಕದ್ದು” ಎಂದು ಬರೆದೆ. ಅವರಿಗೆ ಓದಿಸದೆ, ಲಕೋಟೆ ಅಂಟಿಸಿ, ಮುದಗಲ್ ಕಡೆ ಹೊರಟಿದ್ದ ವಿದ್ಯಾರ್ಥಿಯೊಬ್ಬನ ಕೈಲಿ ಕೊಟ್ಟು ಕಳಿಸಿದೆ.

ಗೊತ್ತುಮಾಡಿದ ದಿನ ಪಂಪಾವತಿ ಮತ್ತು ಪ್ರೊಫೆಸರರ ಜೊತೆ ನಾನೂ ಹೋದೆ. ಬಾವಿಯ ಕಲ್ಲುಗಳು ತೊಳೆದಿಟ್ಟ ಪಾತ್ರೆಯ ಹಾಗೆ ಹೊಳೆಯುತ್ತಿದ್ದವು. ಮೆಟ್ಟಿಲ ಮೇಲೆ ರಂಗೋಲಿಯೂ ಇತ್ತು. ಬಾವಿ ಪಕ್ಕದ ಮನೆಯ ಜೋಗಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

“ಪಾಚಿ ನೋಡಾಕ ಸಾಹೇಬ್ರು ಬರ್ತಾರಂತ ಚೀಟಿ ಬಂತ್ರಿ. ಓಣ್ಯಾಗ ಓದಿಸಿ ಕೇಳೀನಿ. ಕಂಡ್ರ ಬೈತಾರಂತ ಎರಡು ದಿನ ತಿಕ್ಕೀನ್ರಿ. ಈಗ ನೋಡ್ರಿ ಬೇಕಾದ್ರ, ಒಂದೆಳಿ ಇಲ್ಲ.”

ಪಂಪಾವತಿ ಬೋಳು ಕಲ್ಲಿನ ಮೇಲೆ ಕೈಯಾಡಿಸಿದರು. ಆಮೇಲೆ ನನ್ನ ಮುಖ ನೋಡಿದರು. ಮೂವತ್ತು ವರ್ಷದ ನೌಕರಿಯಲ್ಲಿ ನನಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

“ತಿಕ್ಕಿದ್ದು ಎಲ್ಲಿ ಚೆಲ್ಲೀಯವ್ವ?” ಎಂದು ಮೆತ್ತಗೆ ಕೇಳಿದರು.

“ಗಂಗವ್ವ ದೇವಿ ಬಾವಿದಲ್ಲೇನ್ರಿ ಅದು? ಗಟಾರಕ್ಕ ಹಾಕಬಾರದಂತ ಕರಿಬೇವಿನ ಬುಡಕ್ಕ ಹಾಕೀನಿ.”

ಕರಿಬೇವಿನ ಬುಡದಲ್ಲಿ ಒಣಗಿದ ಕರಿ ಮುದ್ದೆಯ ರಾಶಿಯಿತ್ತು. ಪಂಪಾವತಿ ನೆಲಕ್ಕೆ ಕೂತು ಬಾಟಲಿಯ ನೀರು ಚಿಮುಕಿಸಿದರು. ಎಲೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಪ್ರೊಫೆಸರರು ಕೂತರು, ಜೋಗಮ್ಮ ಕೂತಳು, ಮಂಡಿನೋವಿದ್ದರೂ ನಾನೂ ಕೂತೆ. ನಾರು, ಮಣ್ಣು, ಸೋಪಿನ ಚೂರು ಬಿಡಿಸುತ್ತ ಮೂರು ತಾಸು ಕಳೆದವು. ಕಡೆಗೆ ನಾಲ್ಕು ದಂಟು ಸಿಕ್ಕವು, ಮಾಗಿದ ಕಾಯಿ ಸಮೇತ.

ಪ್ರೊಫೆಸರರು ಭೂತಗನ್ನಡಿ ಹಿಡಿದು ಹಲ್ಲು ಎಣಿಸಿದರು. ಹದಿನಾರು. ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಇನ್ನೊಮ್ಮೆ ನೋಡಿ ಹೆಸರು ಹೇಳಿದರು. ಜಗತ್ತಿಗೇನೂ ಹೊಸ ಜಾತಿಯಲ್ಲ. ಆದರೆ ನಮ್ಮ ಸೀಮೆಯಲ್ಲಿ ಅದನ್ನು ಯಾರೂ ದಾಖಲಿಸಿರಲಿಲ್ಲ. ಪಂಪಾವತಿಯವರಿಗೆ ಅಷ್ಟೇ ಬೇಕಿತ್ತು.

ಮಾದರಿಯನ್ನು ಕಾಗದದ ಪೊಟ್ಟಣದಲ್ಲಿಟ್ಟು, ಮೇಲೆ ಊರು, ತಾರೀಖು, ಸಂಗ್ರಹಿಸಿದವರ ಹೆಸರು ಬರೆಯುವುದು ಅವರ ಪದ್ಧತಿ. ಮರುವಾರ ಆ ಪೊಟ್ಟಣ ತೋರಿಸಲು ಮುದಗಲ್‌ಗೆ ಹೋದಾಗ ನನ್ನನ್ನೂ ಕರೆದರು. ಸಂಗ್ರಹಿಸಿದವರು: ಜೋಗಮ್ಮ, ಮುದಗಲ್. ಓದಿ ಹೇಳಿದ್ದಕ್ಕೆ ಜೋಗಮ್ಮನ ಮುಖ ಸಣ್ಣದಾಯಿತು.

“ನನ್ನ ಹೆಸರ್ಯಾಕ ಬರದ್ರಿ? ಏನರ ಕೇಸ್ ಆಗತೈತೇನ್ರಿ?”

“ಇಲ್ಲವ್ವ. ಒಂಬತ್ತು ವರ್ಷ ನಾ ಬರೇ ನೋಡೀನಿ. ಕಿತ್ತು ಕೂಡಿಸಿದಾಕಿ ನೀನ.”

ಚೀಟಿ ಬರೆದವನು ನಾನೆಂದು ಅವರು ಅಂದೂ ಹೇಳಲಿಲ್ಲ. ನಾನೇ ಹೇಳಿದೆ. ಜೋಗಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಮುಟ್ಟಬ್ಯಾಡ್ರಿ ಅಂತ ಬರಿಯಾಕ ಬರ್ತಿದ್ದಿಲ್ಲೇನ್ರಿ ಸರ್ ನಿಮಗ?” ಎಂದಳು.