ಬೆಳೆಯುತ್ತದೆ ಎಂದಮೇಲೆ ಯಾರದಾದರೇನು?

ಟಿ. ದಾಸರಹಳ್ಳಿಯ ನಮ್ಮ ಬೀದಿಯ ಮುನಿರಾಜು ಈ ವರ್ಷದ ಆರಂಭದಲ್ಲಿ ಪತ್ರಿಕೆಯ ತುಣುಕೊಂದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ನನ್ನ ಮನೆಗೆ ಬಂದರು.

‘ಓದಿ ಸಾರ್. ಲಿವರ್‌ನ ಲ್ಯಾಬಲ್ಲೇ ಬೆಳೆಸ್ತಾರಂತೆ. ಇನ್ನೈದೇ ವರ್ಷ. ಅಂಗಿದ್ಮೇಲೆ ನಮ್ಮನ್ಯಾಕೆ ಕುಯ್ಯಬೇಕು?’

ಪೀಣ್ಯದಲ್ಲಿ ಲೇತ್ ನಡೆಸುವ ಅವರ ತಮ್ಮ ರವಿಯ ಯಕೃತ್ತು ಕೈಕೊಟ್ಟಿತ್ತು. ಬಂಧುವೊಬ್ಬರು ತಮ್ಮ ಯಕೃತ್ತಿನ ಭಾಗ ಕೊಟ್ಟರೆ ಉಳಿಯುತ್ತಾನೆ, ತಡವಾದರೆ ಇಲ್ಲ ಎಂದಿದ್ದರು ವೈದ್ಯರು. ಪರೀಕ್ಷೆಯಲ್ಲಿ ಹೊಂದಿಕೆಯಾದವರು ಇಬ್ಬರೇ: ರವಿಯ ಹೆಂಡತಿ ಜಯಮ್ಮ ಮತ್ತು ಅಣ್ಣ ಮುನಿರಾಜು. (ಅಣ್ಣನಿಗೆ ವಿಜ್ಞಾನದಲ್ಲಿ ಆಸಕ್ತಿ ಹುಟ್ಟಿದ್ದು ಆ ಫಲಿತಾಂಶ ಬಂದ ಸಂಜೆ.)

ತುಣುಕಿನಲ್ಲಿ ದಿನಾಂಕವಿರಲಿಲ್ಲ. ದಿನಾಂಕವಿಲ್ಲದ ಕಾಗದವನ್ನು ನಾನು ನಂಬುವವನಲ್ಲ. ತಿರುಗಿಸಿದೆ. ಹಿಂಬದಿಯಲ್ಲಿ ಪೇಜರ್ ಜಾಹೀರಾತು!

ಪೇಜರ್ ಮಾಯವಾಗಿ ಎರಡು ದಶಕ ಕಳೆಯಿತು. ‘ಇನ್ನೈದು ವರ್ಷ’ ಮಾತ್ರ ಐದಾಗಿಯೇ ಉಳಿದಿದೆ. ಜೀವಕೋಶಗಳಿಂದ ಯಕೃತ್ತಿನ ಪುಟ್ಟ ಮೊಳಕೆಗಳನ್ನು ಬೆಳೆಸುತ್ತಿರುವುದು ನಿಜ. ಆದರೆ ರವಿಯ ಹೊಟ್ಟೆ ಅವುಗಳಿಗಾಗಿ ಕಾಯುವ ಸ್ಥಿತಿಯಲ್ಲಿತ್ತೇ?

ವಿವರಿಸಿದೆ. ಶಸ್ತ್ರಚಿಕಿತ್ಸೆಯಲ್ಲಿ ಅಪಾಯವಿದೆ, ಆದರೆ ಕೊಟ್ಟವರಲ್ಲಿ ಉಳಿದ ಭಾಗ ಕೆಲವು ತಿಂಗಳಲ್ಲೇ ಹೆಚ್ಚುಕಡಿಮೆ ಮೊದಲಿನ ಗಾತ್ರಕ್ಕೆ ಬೆಳೆಯುತ್ತದೆ ಎಂದೆ. ಮುನಿರಾಜು ಅವರ ಮುಖ ಅರಳಿತು.

‘ಬೆಳ್ಕೊಳ್ತದೆ ಅಂದ್ರಲ್ಲ, ಅಷ್ಟು ಸಾಕು ಸಾರ್! ಅಂಗಾದ್ರೆ ಜಯಮ್ಮನೇ ಕೊಡ್ಲಿ ಬಿಡಿ.’

ಮರುದಿನ ಬೀದಿಗೆಲ್ಲ ಸುದ್ದಿ: ಜಯಮ್ಮನೇ ಕೊಡಬೇಕೆಂದು ‘ಸೈಂಟಿಸ್ಟ್ ಸಾರೇ’ ಹೇಳಿದ್ದಾರೆ! ನನ್ನ ಮೂವತ್ತು ವರ್ಷಗಳ ಸಂಶೋಧನೆಯನ್ನು ಇಷ್ಟು ವೇಗವಾಗಿ ಯಾರೂ ಉಲ್ಲೇಖಿಸಿರಲಿಲ್ಲ. ಒಲ್ಲೆ ಎನ್ನುವ ಹಕ್ಕು ಮುನಿರಾಜು ಅವರಿಗಿತ್ತು. ಹಾಗೆಂದು ಬಾಯಿಬಿಟ್ಟು ಹೇಳಬಹುದಿತ್ತಲ್ಲ?

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಜಯಮ್ಮನವರ ಕ್ಷಮೆ ಕೇಳಿದೆ.

‘ಅಯ್ಯೋ, ನೀವು ಏಳ್ದೇ ಇದ್ರೂ ಕೊಡ್ತಿದ್ದೆ ಸಾರ್, ನನ್ ಗಂಡ ಅಲ್ವಾ? ಆದ್ರೆ ಕೊಡ್ತೀಯೇನಮ್ಮ ಅಂತ ಮನೇಲಿ ಒಬ್ರೂ ಕೇಳ್ಲಿಲ್ಲ. ಕೇಳಿದ್ದು ಆಸ್ಪತ್ರೆಯವ್ರೇ.’

ಹೌದು, ಕಾನೂನಿನ ಪ್ರಕಾರ ಕೇಳಿದ್ದರು. ಸಮಿತಿ ಕೂತು, ವಿಡಿಯೊ ಕ್ಯಾಮೆರಾ ಇಟ್ಟು: ‘ಯಾರ ಒತ್ತಾಯವೂ ಇಲ್ಲದೆ ಕೊಡುತ್ತಿದ್ದೀರಾ?’

ಈಗ ಇಬ್ಬರೂ ಕ್ಷೇಮ. ರವಿ ಮತ್ತೆ ಲೇತಿನ ಮುಂದೆ ನಿಂತಿದ್ದಾನೆ. ಜಯಮ್ಮನವರ ಸ್ಕ್ಯಾನ್ ವರದಿಯನ್ನು ದಿನಾಂಕ ಸಮೇತ ಪರಿಶೀಲಿಸಿದೆ, ಯಕೃತ್ತು ಬೆಳೆದಿದೆ. ‘ನಾನವತ್ತೇ ಏಳಿರ್ಲಿಲ್ವಾ?’ ಎನ್ನುತ್ತ ಮುನಿರಾಜು ಬೀದಿಗೆಲ್ಲ ಮೈಸೂರು ಪಾಕ್ ಹಂಚಿದರು.

ಕೊಡುವವರನ್ನು ಪ್ರಶ್ನಿಸಲು ಸಮಿತಿಯಿದೆ, ಕ್ಯಾಮೆರಾ ಇದೆ. ನುಣುಚಿಕೊಂಡವರನ್ನು ಕೂರಿಸಿ ಕೇಳುವವರು ಯಾರು?